ನೆರೆಮಂಡಲಗಳ ನಡುವಣ ಮಾರ್ಗನೀತಿಯ ಮಾರ್ಪಾಡು ಮತ್ತು ದೋಷಪರೀಕ್ಷಾಕ್ರಮ

೧. ವಿಷಯಪ್ರವೇಶ

ಇಂಟರ್ನೆಟ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಮಹಾಜಾಲವು ಒಬ್ಬ ಒಡೆಯನ ಅಧೀನದಲ್ಲಿರುವ ಒಂದೇ ಜಾಲವಲ್ಲ. ಹತ್ತಾರು ಸಾವಿರ ಸ್ವತಂತ್ರ ಜಾಲಗಳು ತಮ್ಮ ತಮ್ಮ ಗಡಿಗಳಲ್ಲಿ ಒಂದನ್ನೊಂದು ಸಂಧಿಸಿ, ಪರಸ್ಪರ ಒಡಂಬಡಿಕೆಯಿಂದ ಸಂದೇಶಗಳನ್ನು ಸಾಗಿಸುವುದರಿಂದಲೇ ಅದು ಒಂದೆಂಬಂತೆ ತೋರುವುದು. ಇಂತಹ ಒಂದೊಂದು ಜಾಲಕ್ಕೂ ಇಂಗ್ಲೀಷಿನಲ್ಲಿ ‘ಅಟಾನಮಸ್ ಸಿಸ್ಟಮ್’ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ‘ಮಂಡಲ’ವೆಂದು ಕರೆಯಲಾಗಿದೆ. ಪ್ರತಿಯೊಂದು ಮಂಡಲಕ್ಕೂ ಒಂದು ಸಂಖ್ಯೆಯುಂಟು. ಯಾವ ವಿಳಾಸಗಳು ಯಾವ ದಾರಿಯಲ್ಲಿ ದೊರೆಯುವುವೆಂಬುದನ್ನು ಮಂಡಲಗಳು ಒಂದಕ್ಕೊಂದು ತಿಳಿಸುವ ಭಾಷೆಯೇ ‘ಬಾರ್ಡರ್ ಗೇಟ್‌ವೇ ಪ್ರೋಟೊಕಾಲ್’, ಸಂಕ್ಷೇಪವಾಗಿ ಬಿ.ಜಿ.ಪಿ.

ಯಾವ ನೆರೆಯವನಿಂದ ಯಾವ ಮಾರ್ಗವನ್ನು ಸ್ವೀಕರಿಸಬೇಕು, ಸ್ವೀಕರಿಸಿದವುಗಳಲ್ಲಿ ಯಾವುದನ್ನು ಆದರಿಸಬೇಕು, ಯಾವುದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬ ನಿಯಮಸಮೂಹವೇ ‘ಮಾರ್ಗನೀತಿ’ಯು. ವ್ಯವಹಾರವು ಬದಲಾದಂತೆ ಈ ನೀತಿಯನ್ನೂ ಆಗಾಗ ತಿದ್ದಬೇಕಾಗುವುದು. ತಿದ್ದಿದ ಮೇಲೆ ಬಯಸಿದ ಫಲವು ಕಾಣದಿದ್ದರೆ, ಅಥವಾ ಬಯಸದ ಫಲವು ಕಂಡರೆ, ದೋಷವನ್ನು ಎಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶವು.

ಇದು ಕೇವಲ ಯಂತ್ರಶಾಲೆಯವರ ಗೃಹಕೃತ್ಯವೆಂದು ಭಾವಿಸತಕ್ಕದ್ದಲ್ಲ. ಒಂದು ಗಡಿಯಲ್ಲಿ ಬರೆದ ನಾಲ್ಕು ಪಂಕ್ತಿಗಳ ವ್ಯತ್ಯಾಸದಿಂದ ದೂರದೇಶಗಳ ಜನರ ಪತ್ರವ್ಯವಹಾರ, ಹಣದ ಪಾವತಿ, ವಾರ್ತಾಪ್ರಸಾರಗಳು ಗಂಟೆಗಟ್ಟಲೆ ನಿಂತುಹೋದದ್ದುಂಟು. ಅಂತಹ ಎರಡು ಪ್ರಸಂಗಗಳನ್ನು ಮುಂದೆ ಪರಿಶೀಲಿಸಲಾಗುವುದು. ನೀತಿಯನ್ನು ಬರೆಯುವುದು ಬೇರೆ, ಆ ನೀತಿಯು ಮಾರ್ಗಗಳಿಗೆ ತಗಲುವುದು ಬೇರೆ, ತಗಲಿದ ಫಲವನ್ನು ನೆರೆಯವನು ಒಪ್ಪಿಕೊಳ್ಳುವುದು ಬೇರೆ. ಈ ಮೂರನ್ನೂ ಒಂದೆಂದು ತಿಳಿಯುವುದೇ ಬಹುಮಟ್ಟಿನ ತೊಡಕುಗಳ ಮೂಲವೆಂಬುದು ಇಲ್ಲಿ ಪ್ರತಿಪಾದಿಸತಕ್ಕ ವಿಷಯವು.

೨. ಮಂಡಲಗಳ ಸಂಬಂಧ

ಬಿ.ಜಿ.ಪಿ.ಯ ಮೊದಲ ಕರಡನ್ನು ೧೯೮೯ರ ಜನವರಿಯಲ್ಲಿ ಕರ್ಕ್ ಲಾಹೀಡ್, ಯಾಕೊವ್ ರೆಖ್ಟರ್ ಎಂಬಿಬ್ಬರು ಅಮೆರಿಕದ ಆಸ್ಟಿನ್ ನಗರದಲ್ಲಿ ನಡೆದ ಸಭೆಯ ಊಟದ ವೇಳೆಯಲ್ಲಿ, ಕೈ ಒರೆಸುವ ಕಾಗದಗಳ ಮೇಲೆ ಬರೆದರೆಂದು ಪ್ರಸಿದ್ಧಿಯಿದೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಅದು ‘ಆರ್.ಎಫ್.ಸಿ.’ ಎಂಬ ಲಕ್ಷಣಪತ್ರಗಳ ಮಾಲೆಯಲ್ಲಿ ೧೧೦೫ನೆಯದಾಗಿ ಪ್ರಕಟವಾಯಿತು. ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಗೆ ೨೦೦೬ರ ಜನವರಿಯಲ್ಲಿ ಹೊರಬಂದ ೪೨೭೧ನೆಯ ಆರ್.ಎಫ್.ಸಿ.ಯೇ ಆಧಾರವು.

‘ಪೀರ್’ ಎಂಬ ಶಬ್ದಕ್ಕೆ ಈ ಶಾಸ್ತ್ರದಲ್ಲಿ ಎರಡು ಅರ್ಥಗಳಿರುವುದನ್ನು ಮೊದಲೇ ಗಮನಿಸಬೇಕು. ಬಿ.ಜಿ.ಪಿ.ಯಲ್ಲಿ ಮಾತನಾಡುವ ಎರಡು ರೂಟರುಗಳು ಯಾವ ಸಂಬಂಧದವಾದರೂ ಸರಿಯೆ, ಭಾಷೆಯ ದೃಷ್ಟಿಯಿಂದ ಅವು ಪರಸ್ಪರ ಪೀರುಗಳು. ವ್ಯವಹಾರದ ದೃಷ್ಟಿಯಿಂದಲಾದರೋ, ಸಾಮಾನ್ಯವಾಗಿ ಹಣದ ಕೊಡುಕೊಳೆಯಿಲ್ಲದೆ ತಮ್ಮ ತಮ್ಮ ಗಿರಾಕಿಗಳ ಮಾರ್ಗಗಳನ್ನು ಮಾತ್ರ ವಿನಿಮಯಮಾಡಿಕೊಳ್ಳುವ ಸಮಾನರೇ ಪೀರುಗಳು. ಈ ಗೊಂದಲವನ್ನು ತಪ್ಪಿಸಲು ಮೊದಲನೆಯದನ್ನು ‘ನೆರೆ’ಯೆಂದೂ ಎರಡನೆಯದನ್ನು ‘ಸಮಾನ’ನೆಂದೂ ಇಲ್ಲಿ ವ್ಯವಹರಿಸಲಾಗಿದೆ. ಇನ್ನೊಂದು ವಿಧದ ಸಂಬಂಧದಲ್ಲಿ ಒಬ್ಬನು ಹಣ ಕೊಡುವ ಗಿರಾಕಿ, ಮತ್ತೊಬ್ಬನು ಸಮಸ್ತ ಜಾಲಕ್ಕೂ ದಾರಿಯನ್ನು ಒದಗಿಸುವ ಪೂರೈಕೆದಾರ.

ಈ ಸಂಬಂಧಗಳಿಂದಲೇ ನೀತಿಯ ಮೂಲಸೂತ್ರವು ಹುಟ್ಟುವುದು. ಗಿರಾಕಿಯಿಂದ ತಿಳಿದ ಮಾರ್ಗವನ್ನು ಎಲ್ಲರಿಗೂ ಹೇಳಬಹುದು; ಪೂರೈಕೆದಾರನಿಂದಲೋ ಸಮಾನನಿಂದಲೋ ತಿಳಿದ ಮಾರ್ಗವನ್ನು ಗಿರಾಕಿಗಳಿಗೆ ಮಾತ್ರ ಹೇಳಬೇಕು. ಇದನ್ನು ಮೀರಿ ಒಬ್ಬ ಪೂರೈಕೆದಾರನ ಮಾರ್ಗಗಳನ್ನು ಮತ್ತೊಬ್ಬನಿಗೆ ಹೇಳಿದರೆ, ಹೇಳಿದ ಸಣ್ಣ ಮಂಡಲವು ಎರಡು ಮಹಾಮಂಡಲಗಳ ನಡುವೆ ಸೇತುವೆಯಾಗಿ ನಿಂತು, ತಾನು ಹೊರಲಾರದ ಭಾರವನ್ನು ಮೈಮೇಲೆ ಎಳೆದುಕೊಳ್ಳುವುದು. ಇದಕ್ಕೆ ಮಾರ್ಗಸ್ರಾವವೆನ್ನಬಹುದು. ೨೦೧೬ರ ಜೂನ್ ತಿಂಗಳ ೭೯೦೮ನೆಯ ಆರ್.ಎಫ್.ಸಿ.ಯು ಇದರ ಆರು ಪ್ರಭೇದಗಳನ್ನು ವಿಂಗಡಿಸಿದೆ.

೩. ಮೂರು ಕೋಶಗಳು, ಎರಡು ಬಾಗಿಲುಗಳು

ದೋಷವನ್ನು ಹುಡುಕುವವನು ಮೊದಲು ವಸ್ತುವು ಎಲ್ಲೆಲ್ಲಿ ಇರಬಹುದೆಂಬುದನ್ನು ತಿಳಿಯಬೇಕಷ್ಟೆ. ಮೇಲೆ ಹೇಳಿದ ೪೨೭೧ನೆಯ ಆರ್.ಎಫ್.ಸಿ.ಯು ರೂಟರಿನೊಳಗೆ ಮೂರು ಕೋಶಗಳನ್ನು ಕಲ್ಪಿಸಿದೆ. ನೆರೆಯವನು ಹೇಳಿದ ಮಾರ್ಗಗಳು ಹೇಳಿದಂತೆಯೇ ಬಂದು ಸೇರುವ ಸ್ಥಾನವು ‘ಆಗತಕೋಶ’. ಅವುಗಳಲ್ಲಿ ನೀತಿಗೆ ಒಪ್ಪಿ, ಉತ್ತಮವೆಂದು ನಿರ್ಣಯಿಸಲ್ಪಟ್ಟವುಗಳ ಸ್ಥಾನವು ‘ನಿರ್ಣೀತಕೋಶ’. ಒಬ್ಬೊಬ್ಬ ನೆರೆಯವನಿಗೆ ಹೇಳಬೇಕಾದವುಗಳ ಸ್ಥಾನವು ‘ನಿರ್ಗತಕೋಶ’. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಒಳಬಾಗಿಲಿನ ನೀತಿಯೂ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಹೊರಬಾಗಿಲಿನ ನೀತಿಯೂ ಕಾವಲಿರುವುವು.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುವುವು. ಮೊದಲನೆಯದು, ರೂಟರು ತಾನು ಆರಿಸಿಕೊಂಡ ಮಾರ್ಗವನ್ನಲ್ಲದೆ ಬೇರೊಂದನ್ನು ಸಾಮಾನ್ಯವಾಗಿ ನೆರೆಯವನಿಗೆ ಹೇಳುವುದಿಲ್ಲ. ಆದುದರಿಂದ ಹೊರಬಾಗಿಲಿನ ನೀತಿಯು ನಿರ್ದುಷ್ಟವಾಗಿದ್ದರೂ, ಆ ಮಾರ್ಗವು ನಿರ್ಣೀತಕೋಶದಲ್ಲಿಲ್ಲದಿದ್ದರೆ ಹೊರಗೆ ಹೋಗಲಾರದು. ಎರಡನೆಯದು, ಒಂದು ಗಡಿಯನ್ನು ದಾಟುವ ಪ್ರತಿಯೊಂದು ಮಾರ್ಗವೂ ಎರಡು ನೀತಿಗಳಿಗೆ ಅಧೀನವು: ಹೇಳುವವನ ಹೊರಬಾಗಿಲು, ಕೇಳುವವನ ಒಳಬಾಗಿಲು. ಒಂದನ್ನು ತಿದ್ದುವ ಅಧಿಕಾರವುಳ್ಳವನಿಗೆ ಮತ್ತೊಂದನ್ನು ನೋಡುವ ಅಧಿಕಾರವೂ ಇರುವುದಿಲ್ಲ. ಇವರಿಬ್ಬರ ಮೇಲೆ ಆಜ್ಞೆ ಮಾಡತಕ್ಕ ಮೂರನೆಯವನೂ ಇಲ್ಲ. ಈ ಶಾಸ್ತ್ರದ ಕಾಠಿನ್ಯವೆಲ್ಲವೂ ಇಲ್ಲಿಯೇ ಇರುವುದು.

೪. ನೀತಿ ಬದಲಾದರೂ ಫಲ ಬದಲಾಗದಿರುವುದು

ಬಿ.ಜಿ.ಪಿ.ಯು ಮಿತಭಾಷಿ. ಸಂಭಾಷಣೆಯು ಆರಂಭವಾದಾಗ ಒಂದು ಸಾರಿ ಮಾರ್ಗಗಳನ್ನೆಲ್ಲ ಹೇಳಿಬಿಟ್ಟರೆ, ಅನಂತರ ವ್ಯತ್ಯಾಸವಾದುದನ್ನು ಮಾತ್ರ ಹೇಳುವುದು. ನಡುನಡುವೆ ‘ಇದ್ದೇನೆ’ ಎಂಬ ಸಣ್ಣ ಸಂದೇಶವನ್ನಲ್ಲದೆ ಹಳೆಯ ಮಾತನ್ನು ಮತ್ತೆ ಹೇಳುವುದಿಲ್ಲ. ಆದಕಾರಣ, ಇಂದು ಒಳಬಾಗಿಲಿನ ನೀತಿಯನ್ನು ಸಡಿಲಿಸಿದರೂ, ನಿನ್ನೆ ಆ ಬಾಗಿಲಿನಲ್ಲಿ ತಿರಸ್ಕೃತವಾದ ಮಾರ್ಗವು ತಾನಾಗಿ ಮರಳಿ ಬರಲಾರದು. ನೆರೆಯವನು ಅದನ್ನು ಆಗಲೇ ಹೇಳಿಯಾಗಿದೆ, ಮತ್ತೆ ಹೇಳಲು ಅವನಿಗೆ ಕಾರಣವಿಲ್ಲ.

ಇದಕ್ಕೆ ಮೂರು ಉಪಾಯಗಳುಂಟು. ಸಂಭಾಷಣೆಯನ್ನೇ ಕಡಿದು ಪುನಃ ಆರಂಭಿಸುವುದು ಹಳೆಯ ಉಪಾಯವು. ಹೀಗೆ ಮಾಡಿದರೆ ಆ ನೆರೆಯವನ ಮೂಲಕ ಸಾಗುವ ಸಕಲ ಸಂಚಾರವೂ ಆ ಕ್ಷಣದಲ್ಲಿ ದಾರಿ ತಪ್ಪುವುದು. ಇದು ಒಂದು ಹಂಚನ್ನು ಸರಿಪಡಿಸಲು ಮಾಡನ್ನೇ ಇಳಿಸಿದಂತೆ. ಪದೇಪದೇ ಹೀಗೆ ಮಾಡಿದ ಮಾರ್ಗವನ್ನು ಚಂಚಲವೆಂದು ಬಗೆದು ಕೆಲವು ಮಂಡಲಗಳು ಸ್ವಲ್ಪಕಾಲ ದೂರವಿಡುವುದೂ ಉಂಟು. ಎರಡನೆಯ ಉಪಾಯವೆಂದರೆ, ತಿರಸ್ಕರಿಸಿದವುಗಳ ಸಹಿತ ನೆರೆಯವನು ಹೇಳಿದುದೆಲ್ಲದರ ಒಂದು ಪ್ರತಿಯನ್ನು ಆಗತಕೋಶದಲ್ಲಿ ಇಟ್ಟುಕೊಂಡು, ಹೊಸ ನೀತಿಯನ್ನು ಆ ಪ್ರತಿಯ ಮೇಲೆ ನಡಸುವುದು. ಮೂರನೆಯದು, ೨೦೦೦ದ ಸೆಪ್ಟೆಂಬರಿನಲ್ಲಿ ೨೯೧೮ನೆಯ ಆರ್.ಎಫ್.ಸಿ.ಯಿಂದ ವಿಹಿತವಾದ ‘ರೂಟ್ ರಿಫ್ರೆಶ್’ ಎಂಬ ಪ್ರಾರ್ಥನೆಯು: ಸಂಭಾಷಣೆಯನ್ನು ಕಡಿಯದೆಯೆ, ‘ಹೇಳಿದುದನ್ನು ಇನ್ನೊಮ್ಮೆ ಹೇಳಬೇಕು’ ಎಂದು ನೆರೆಯವನನ್ನು ಕೇಳುವುದು. ಆದರೆ ಈ ಸಾಮರ್ಥ್ಯವು ತನಗಿದೆಯೆಂದು ಆ ನೆರೆಯವನು ಸಂಭಾಷಣೆಯ ಆರಂಭದಲ್ಲಿಯೇ ಪ್ರಕಟಿಸಿರಬೇಕು.

ಕೆಲವು ತಯಾರಕರ ರೂಟರುಗಳು ನೀತಿಯು ಬದಲಾದೊಡನೆಯೇ ಈ ಕೆಲಸವನ್ನು ತಾವಾಗಿ ಮಾಡುವುವು. ಮತ್ತೆ ಕೆಲವು ಆಜ್ಞೆಯನ್ನು ಕಾದಿರುವುವು. ಎರಡು ಬಗೆಯ ರೂಟರುಗಳನ್ನೂ ಇಟ್ಟುಕೊಂಡಿರುವ ಮಂಡಲದಲ್ಲಿ, ಒಂದರ ಅಭ್ಯಾಸದಿಂದ ಮತ್ತೊಂದನ್ನು ನಡಸಹೋಗಿ, ಸರಿಯಾದ ನೀತಿಯನ್ನೇ ತಪ್ಪೆಂದು ತಿದ್ದಿ ಕೆಡಿಸುವ ಸಂಭವವುಂಟು. ಆದುದರಿಂದ ‘ಹೊಸ ನೀತಿಯು ಮಾರ್ಗಗಳಿಗೆ ತಗಲಿದೆಯೆ?’ ಎಂಬುದು ‘ಹೊಸ ನೀತಿಯು ಸರಿಯೆ?’ ಎಂಬುದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆಯು.

೫. ಪರೀಕ್ಷಾಕ್ರಮ

ಮಾರ್ಗವು ನಡೆಯುವ ಕ್ರಮದಲ್ಲಿಯೇ ಪರೀಕ್ಷೆಯೂ ನಡೆಯಬೇಕು. ಕ್ರಮವು ಹೀಗಿದೆ:

(ಅ) ಸಂಭಾಷಣೆಯು ನಿಂತಿದೆಯೆ? ಬಿ.ಜಿ.ಪಿ.ಯು ೧೭೯ನೆಯ ದ್ವಾರದಲ್ಲಿ ಟಿ.ಸಿ.ಪಿ.ಯ ಆಧಾರದಿಂದ ನಡೆಯುವುದು. ನೀತಿಯನ್ನು ತಿದ್ದಿದ ಕೆಲವು ನಿಮಿಷಗಳಲ್ಲಿ ಸಂಭಾಷಣೆಯೇ ಮುರಿದುಬಿದ್ದಿದ್ದರೆ, ಹೊರಗೆ ಹೋದ ಮಾರ್ಗಗಳ ಸಂಖ್ಯೆಯು ನೆರೆಯವನು ವಿಧಿಸಿದ ಪರಮಾವಧಿಯನ್ನು ಮೀರಿತೆಂದು ಶಂಕಿಸಬೇಕು. ಹೊರಬಾಗಿಲು ಅಕಸ್ಮಾತ್ತಾಗಿ ಪೂರ್ತಿ ತೆರೆದುಕೊಂಡಾಗ ಇದೇ ಮೊದಲು ಕಾಣುವ ಚಿಹ್ನೆಯು. ಆಗ ನೆರೆಯವನು ಬಾಗಿಲು ಮುಚ್ಚಿದನೆಂದು ದೂರುವುದು ಸಲ್ಲದು. ಅವನು ಎರಡು ಮಂಡಲಗಳನ್ನೂ ಕಾಪಾಡಿರುವನು.

(ಆ) ನೆರೆಯವನು ಮಾರ್ಗವನ್ನು ಹೇಳಿದನೆ? ಇಲ್ಲಿ ಪ್ರಮಾಣವಿಚಾರವು ಅವಶ್ಯವು. ಕೋಷ್ಟಕದಲ್ಲಿ ಮಾರ್ಗವು ಕಾಣಲಿಲ್ಲವಾದುದರಿಂದ ನೆರೆಯವನು ಹೇಳಲಿಲ್ಲವೆಂದು ನಿರ್ಣಯಿಸುವುದು ವಾಡಿಕೆ. ಆದರೆ ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ನಿಶ್ಚಯವಿರುವಲ್ಲಿ ಮಾತ್ರ ಕಾಣದಿರುವಿಕೆಯು ಅಭಾವಕ್ಕೆ ಪ್ರಮಾಣವಾಗುವುದೆಂದು ಶಾಸ್ತ್ರಜ್ಞರು ಅನುಪಲಬ್ಧಿಯ ವಿಚಾರದಲ್ಲಿ ಹೇಳುವರು. ಬೆಳಕಿನಲ್ಲಿ ಮೇಜಿನ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ತಿರಸ್ಕೃತ ಮಾರ್ಗಗಳನ್ನು ಬಿಸುಟುಬಿಡುವ ರೂಟರಿನ ಕೋಷ್ಟಕವು ಕತ್ತಲಕೋಣೆಯಂತೆ. ಅವುಗಳನ್ನು ಗುಪ್ತಮಾರ್ಗಗಳೆಂದು ಗುರುತಿಸಿ ಇಟ್ಟುಕೊಳ್ಳುವ ರೂಟರಿನದು ಬೆಳಕಿನ ಕೋಣೆಯಂತೆ. ಮೊದಲನೆಯ ಬಗೆಯದಾದರೆ ಆಗತಕೋಶದ ಪ್ರತಿಯನ್ನು ಇರಿಸಿಕೊಂಡು, ಅಥವಾ ನೆರೆಯವನ ನಿರ್ಗತಕೋಶವನ್ನು ತೋರಿಸಬೇಕೆಂದು ಕೇಳಿಕೊಂಡು, ಅನಂತರ ಮಾತನಾಡಬೇಕು.

(ಇ) ಹೇಳಿದ ಮಾರ್ಗವು ಒಳಬಾಗಿಲನ್ನು ದಾಟಿತೆ? ಬರೆದ ನೀತಿಯಲ್ಲದೆ ಬೇರೆ ಕಾವಲುಗಳೂ ಇಲ್ಲಿರುವುವು. ಮಾರ್ಗವು ಹಾದುಬಂದ ಮಂಡಲಗಳ ಪರಂಪರೆಯಲ್ಲಿ ತನ್ನ ಸಂಖ್ಯೆಯೇ ಇದ್ದರೆ, ಸುತ್ತು ಬಂದಿತೆಂದು ರೂಟರು ಅದನ್ನು ಬಿಡುವುದು. ವಿಳಾಸದ ಒಡೆತನವನ್ನು ದೃಢಪಡಿಸುವ ‘ಆರ್.ಪಿ.ಕೆ.ಐ.’ ಪ್ರಮಾಣಪತ್ರಕ್ಕೆ ವಿರೋಧವಾದುದನ್ನೂ ಅನೇಕರು ಬಿಡುವರು. ಒಂದು ಮಂಡಲವು ತನ್ನ /೨೨ ವಿಳಾಸಖಂಡವನ್ನು ನಾಲ್ಕು /೨೪ ಖಂಡಗಳಾಗಿ ಒಡೆದು ಹೇಳತೊಡಗಿದಾಗ, ಪ್ರಮಾಣಪತ್ರದಲ್ಲಿ /೨೨ಕ್ಕೆ ಮಾತ್ರ ಅನುಮತಿಯಿದ್ದರೆ, ಹೊಸ ಮಾರ್ಗಗಳು ಅಪ್ರಮಾಣವಾಗಿ ಎಷ್ಟೋ ಬಾಗಿಲುಗಳಲ್ಲಿ ನಿಂತುಹೋಗುವುವು. ನೀತಿಯನ್ನು ತಿದ್ದಿದವನು ಪತ್ರವನ್ನು ತಿದ್ದಲು ಮರೆತದ್ದೇ ಇಲ್ಲಿ ದೋಷವು.

(ಈ) ದಾಟಿದ ಮಾರ್ಗವು ಉತ್ತಮವೆಂದು ಆರಿಸಲ್ಪಟ್ಟಿತೆ? ಆಯ್ಕೆಗೆ ನಿಯತವಾದ ಕ್ರಮವುಂಟು. ಮೊದಲು ‘ಲೋಕಲ್ ಪ್ರಿಫರೆನ್ಸ್’ ಎಂಬ ಸ್ಥಳೀಯ ಆದರದ ಅಂಕವನ್ನು ನೋಡಿ, ಅದು ಸಮವಾದರೆ ಪರಂಪರೆಯ ಹ್ರಸ್ವತೆಯನ್ನೂ, ಅದೂ ಸಮವಾದರೆ ಮುಂದಿನ ಗುಣಗಳನ್ನೂ ನೋಡುವುದು. ಮೇಲಿನ ಮೆಟ್ಟಿಲಿನಲ್ಲಿ ತೀರ್ಮಾನವಾದ ಮೇಲೆ ಕೆಳಗಿನ ಮೆಟ್ಟಿಲಿಗೆ ಮಾತೇ ಇಲ್ಲ. ಇದರ ಉದಾಹರಣೆಯನ್ನು ಮುಂದಿನ ಪ್ರಕರಣದಲ್ಲಿ ಕೊಡಲಾಗಿದೆ.

(ಉ) ಆರಿಸಿದುದು ಹೊರಬಾಗಿಲನ್ನು ದಾಟಿತೆ, ದಾಟುವಾಗ ಅದರ ಗುಣಗಳು ಉಳಿದುವೆ? ‘ಕಮ್ಯೂನಿಟಿ’ಗಳೆಂಬ ಅಂಕಿತಗಳನ್ನು ಮಾರ್ಗಕ್ಕೆ ಹಚ್ಚಿ, ಅವುಗಳ ಮೂಲಕ ನೆರೆಯವನಿಗೆ ಸೂಚನೆ ಕೊಡುವುದುಂಟು. ಪ್ರಸಿದ್ಧವಾದ ಒಂದು ಜಾತಿಯ ರೂಟರುಗಳು ಪ್ರತ್ಯೇಕವಾಗಿ ಆಜ್ಞಾಪಿಸಿದ ಹೊರತು ಈ ಅಂಕಿತಗಳನ್ನು ಹೊರಗೆ ಕಳುಹಿಸುವುದಿಲ್ಲ. ಆಗ ಮಾರ್ಗವು ಹೋಗುವುದು, ಸೂಚನೆಯು ಹೋಗುವುದಿಲ್ಲ.

(ಊ) ನೆರೆಯವನೂ, ಅವನಿಂದಾಚೆಗೆ ಲೋಕವೂ ಅದನ್ನು ಒಪ್ಪಿಕೊಂಡಿತೆ? ಇದನ್ನು ತನ್ನ ರೂಟರಿನಲ್ಲಿ ನೋಡಲಾಗುವುದಿಲ್ಲ. ನೆರೆಯವರು ಸಾರ್ವಜನಿಕರಿಗೆ ತೆರೆದಿಟ್ಟ ‘ಲುಕಿಂಗ್ ಗ್ಲಾಸ್’ ಎಂಬ ಗವಾಕ್ಷಗಳು, ಆರಿಗನ್ ವಿಶ್ವವಿದ್ಯಾನಿಲಯದ ‘ರೂಟ್‌ವ್ಯೂಸ್’, ಯೂರೋಪಿನ ‘ರೈಪ್’ ಸಂಸ್ಥೆಯ ಮಾರ್ಗಸಂಗ್ರಹಗಳು ಇದಕ್ಕೆ ಸಾಧನಗಳು. ಹೊರಗಣ ನೆರೆಯವರಿಗೆ ಒಂದೇ ಮಾರ್ಗವನ್ನು ಕುರಿತು ಮತ್ತೆ ಮತ್ತೆ ಹೇಳುವುದಕ್ಕೆ ನಡುವೆ ೩೦ ಸೆಕೆಂಡುಗಳ ಅಂತರವನ್ನು ಲಕ್ಷಣಪತ್ರವು ಸೂಚಿಸುವುದರಿಂದ, ತಿದ್ದಿದ ಕ್ಷಣದಲ್ಲಿಯೇ ದೂರದಲ್ಲಿ ಫಲವನ್ನು ನಿರೀಕ್ಷಿಸತಕ್ಕದ್ದಲ್ಲ. ಅಲ್ಲದೆ ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಒಳಬಾಗಿಲಿನ ನೀತಿಯು ಹೊರಗೆ ಹೋಗುವ ಸಂಚಾರವನ್ನೂ, ಹೊರಬಾಗಿಲಿನ ನೀತಿಯು ಒಳಗೆ ಬರುವ ಸಂಚಾರವನ್ನೂ ಬದಲಿಸುವುದೆಂಬ ಈ ವೈಪರೀತ್ಯವನ್ನು ಮರೆತು, ಒಂದನ್ನು ತಿದ್ದಿ ಮತ್ತೊಂದರ ಫಲವನ್ನು ಕಾಯುವವರೂ ಉಂಟು.

೬. ಒಂದು ಉದಾಹರಣೆ

ಗ್ರಂಥಗಳಲ್ಲಿ ಉದಾಹರಣೆಗಾಗಿಯೇ ಕಾದಿರಿಸಿರುವ ಸಂಖ್ಯೆಗಳನ್ನು ಉಪಯೋಗಿಸಿ ಒಂದು ಪ್ರಸಂಗವನ್ನು ಕಲ್ಪಿಸಬಹುದು. ೬೪೫೦೦ ಎಂಬ ಸಣ್ಣ ಮಂಡಲಕ್ಕೆ ೬೪೪೯೬, ೬೪೪೯೭ ಎಂಬ ಇಬ್ಬರು ಪೂರೈಕೆದಾರರಿರುವರು. ೨೦೩.೦.೧೧೩.೦/೨೪ ಎಂಬ ತನ್ನ ವಿಳಾಸಖಂಡಕ್ಕೆ ಬರುವ ಸಂಚಾರವೆಲ್ಲವೂ ಮೊದಲನೆಯವನ ಮೂಲಕ ಬರಲಿ, ಎರಡನೆಯವನ ತಂತಿಯು ಆಪತ್ಕಾಲಕ್ಕೆ ಮಾತ್ರ ಇರಲಿ ಎಂದು ಅದರ ಇಷ್ಟವು. ಅದಕ್ಕಾಗಿ ಎರಡನೆಯವನಿಗೆ ಮಾರ್ಗವನ್ನು ಹೇಳುವಾಗ ತನ್ನ ಸಂಖ್ಯೆಯನ್ನು ಮೂರು ಸಾರಿ ಹೆಚ್ಚಾಗಿ ಬರೆದು ಪರಂಪರೆಯನ್ನು ಉದ್ದಮಾಡಿತು. ಆದರೂ ೬೪೪೯೭ರಿಂದ ಸಂಚಾರವು ನಿಲ್ಲಲಿಲ್ಲ. ಮತ್ತೆ ಎರಡು ಸಾರಿ ಸೇರಿಸಿದರೂ ನಿಲ್ಲಲಿಲ್ಲ.

ಇಲ್ಲಿ ಗಿರಾಕಿಯ ನೀತಿಯಲ್ಲಿ ತಪ್ಪಿಲ್ಲ. ಅದು ಹೊರಗೆ ಹೋಗಿಯೂ ಇದೆ, ನೆರೆಯವನು ಕೇಳಿಯೂ ಇದ್ದಾನೆ. ಆದರೆ ೬೪೪೯೭ ತನ್ನ ಗಿರಾಕಿಗಳಿಂದ ನೇರವಾಗಿ ಬಂದ ಮಾರ್ಗಗಳಿಗೆ, ಸಮಾನರಿಂದ ಬಂದವುಗಳಿಗಿಂತ ಹೆಚ್ಚಿನ ಆದರದ ಅಂಕವನ್ನು ಕೊಡುವ ರೂಢಿಯುಳ್ಳದ್ದು. ಗಿರಾಕಿಯಿಂದ ಹಣವು ಬರುವುದರಿಂದ ಇದು ಸಹಜವೇ. ತೀರ್ಮಾನವು ಮೊದಲ ಮೆಟ್ಟಿಲಿನಲ್ಲಿಯೇ ಆಗಿಹೋದುದರಿಂದ ಪರಂಪರೆಯ ಉದ್ದವನ್ನು ಅದು ನೋಡುವುದೇ ಇಲ್ಲ. ಹತ್ತು ಸಾರಿ ಸೇರಿಸಿದರೂ ಫಲವು ಇಷ್ಟೇ. ಪೂರೈಕೆದಾರನೇ ಗೊತ್ತುಮಾಡಿ ಪ್ರಕಟಿಸಿದ ಅಂಕಿತವನ್ನು ಹಚ್ಚಿ ಕಳುಹಿಸಿ, ಅವನ ಬಾಗಿಲಿನಲ್ಲಿ ಆದರವನ್ನು ಅವನೇ ತಗ್ಗಿಸುವಂತೆ ಮಾಡುವುದು ಇದಕ್ಕೆ ಪರಿಹಾರವು. ೧೯೯೬ರ ಆಗಸ್ಟಿನ ೧೯೯೮ನೆಯ ಆರ್.ಎಫ್.ಸಿ.ಯು ಈ ಪದ್ಧತಿಯನ್ನೇ ವಿವರಿಸುವುದು. ನೆರೆಯವನ ನೀತಿಯನ್ನು ತಿಳಿಯದೆ ತನ್ನ ನೀತಿಯನ್ನು ಎಷ್ಟು ತಿದ್ದಿದರೂ ದೋಷವು ನೀಗದಿರುವ ಸಂದರ್ಭಗಳಿಗೆ ಇದು ಸಾಕಾದ ನಿದರ್ಶನವು.

೭. ವಾಕ್ಯಗಳ ಸ್ಥಾನಬಲ: ೨೦೨೨ರ ಪ್ರಸಂಗ

ಪಾಣಿನೀಯದಲ್ಲಿ ತುಲ್ಯಬಲವಾದ ಎರಡು ವಿಧಿಗಳಿಗೆ ವಿರೋಧ ಬಂದರೆ ಮುಂದೆ ಪಠಿತವಾದುದೇ ಪ್ರಬಲವೆಂದು ವ್ಯವಸ್ಥೆಯಿರುವುದು. ಮಾರ್ಗನೀತಿಯಲ್ಲಿ ಇದು ತಲೆಕೆಳಗಾಗಿದೆ. ರೂಟರು ವಾಕ್ಯಗಳನ್ನು ಮೇಲಿನಿಂದ ಓದುತ್ತ ಬಂದು, ಮಾರ್ಗಕ್ಕೆ ಹೊಂದುವ ಮೊದಲನೆಯ ನಿರ್ಣಾಯಕವಾಕ್ಯದಲ್ಲಿಯೇ ನಿಲ್ಲುವುದು. ಕೆಳಗಿನವುಗಳನ್ನು ಓದುವುದೇ ಇಲ್ಲ. ಆದುದರಿಂದ ‘ಉಳಿದುದೆಲ್ಲವೂ ತ್ಯಾಜ್ಯ’ ಎಂಬ ವಾಕ್ಯವು ಕೊನೆಯಲ್ಲಿಯೇ ಇರಬೇಕು. ಅದಕ್ಕಿಂತ ಕೆಳಗೆ ಬರೆದ ಅನುಮತಿಯು ಕಾಗದದ ಮೇಲೆ ಇದ್ದರೂ ಇಲ್ಲದಂತೆಯೇ.

೨೦೨೨ರ ಜೂನ್ ೨೧ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯಲ್ಲಿ ನಡೆದುದು ಇದೇ. ಕೆಲವು ವಿಳಾಸಖಂಡಗಳಿಗೆ ಹಚ್ಚುವ ಅಂಕಿತಗಳನ್ನು ಏಕರೂಪಗೊಳಿಸುವ ಸಲುವಾಗಿ ಅವರು ನೀತಿಯನ್ನು ತಿದ್ದುತ್ತಿದ್ದರು. ಆ ತಿದ್ದುಪಡಿಯಲ್ಲಿ, ಆಯಾ ಕೇಂದ್ರದ ಸ್ವಂತ ವಿಳಾಸಗಳನ್ನು ಹೇಳಲು ಅನುಮತಿಸುವ ವಾಕ್ಯಗಳು ಸರ್ವನಿಷೇಧವಾಕ್ಯಕ್ಕಿಂತ ಕೆಳಗೆ ಸರಿದುವು. ಪರಿಶೀಲಕರು ನೋಡಿಯೇ ಒಪ್ಪಿದ್ದರು. ಆದರೆ ಮಾರ್ಪಾಡಿನ ಪಟ್ಟಿಯಲ್ಲಿ ವಾಕ್ಯದ ಸ್ಥಾನಾಂತರವು ಒಂದು ಆಶ್ಚರ್ಯಚಿಹ್ನೆಯ ಮೂಲಕ ಮಾತ್ರ ಸೂಚಿತವಾಗಿದ್ದುದರಿಂದ ಕಣ್ಣಿಗೆ ಬೀಳಲಿಲ್ಲ. ವಾಕ್ಯಗಳ ಅರ್ಥದಲ್ಲಿ ತಪ್ಪಿರಲಿಲ್ಲ, ಸ್ಥಾನದಲ್ಲಿ ತಪ್ಪಿತ್ತು.

ಅಂತರರಾಷ್ಟ್ರೀಯ ಕಾಲಮಾನ ೦೩:೫೬ಕ್ಕೆ ಮಾರ್ಪಾಡು ಮೊದಲ ಕೇಂದ್ರವನ್ನು ಮುಟ್ಟಿತು. ಹಳೆಯ ರಚನೆಯ ಕೇಂದ್ರಗಳಲ್ಲಿ ಅದರಿಂದ ಬಾಧೆಯಾಗದಿದ್ದುದರಿಂದ ಎಲ್ಲವೂ ಸುಸೂತ್ರವೆಂದು ಭಾವಿಸಲಾಯಿತು. ೦೬:೨೭ಕ್ಕೆ ಅದು ಹೊಸ ರಚನೆಯ ಕೇಂದ್ರಗಳನ್ನು ಮುಟ್ಟಿದೊಡನೆ ೧೯ ಕೇಂದ್ರಗಳು ಜಾಲದಿಂದ ಮರೆಯಾದುವು. ಲಂಡನ್, ಟೋಕಿಯೊ, ಸಿಂಗಪುರಗಳ ಸಂಗಡ ನಮ್ಮ ಮುಂಬಯಿಯ ಕೇಂದ್ರವೂ ಅವುಗಳಲ್ಲಿ ಒಂದು. ಆ ಸಂಸ್ಥೆಯ ಜಾಲದಲ್ಲಿ ಇವು ನೂರಕ್ಕೆ ೪ರಷ್ಟು ಮಾತ್ರವಾಗಿದ್ದರೂ, ಅವರಲ್ಲಿಗೆ ಬರುವ ಬೇಡಿಕೆಗಳಲ್ಲಿ ಅರ್ಧದಷ್ಟಕ್ಕೆ ತೊಂದರೆಯುಂಟಾಯಿತು. ೦೬:೫೮ರ ವೇಳೆಗೆ ಮೂಲಕಾರಣವು ತಿಳಿದು, ೦೭:೪೨ಕ್ಕೆ ಎಲ್ಲವೂ ಪೂರ್ವಸ್ಥಿತಿಗೆ ಬಂದಿತು.

ಕಾರಣವು ತಿಳಿದ ಮೇಲೆಯೂ ೪೪ ನಿಮಿಷಗಳು ಹಿಡಿದುದೇಕೆಂಬುದು ಇಲ್ಲಿ ವಿಚಾರಾರ್ಹವು. ವಿಳಾಸಗಳು ಮರೆಯಾದುದರಿಂದ ಆ ಕೇಂದ್ರಗಳನ್ನು ತಲುಪುವುದೇ ತಜ್ಞರಿಗೆ ಕಷ್ಟವಾಯಿತು. ಇದಲ್ಲದೆ ಹಲವರು ಏಕಕಾಲದಲ್ಲಿ ಕೈಹಾಕಿ, ಒಬ್ಬನು ಹಿಂತೆಗೆದ ಮಾರ್ಪಾಡಿನ ಹಿಂತೆಗೆತವನ್ನು ಮತ್ತೊಬ್ಬನು ಹಿಂತೆಗೆದುದರಿಂದ, ನಿವಾರಿತವಾದ ದೋಷವು ಅಲ್ಲಲ್ಲಿ ಮತ್ತೆ ತಲೆದೋರಿತು. ಇವೆರಡನ್ನೂ ಆ ಸಂಸ್ಥೆಯವರು ತಮ್ಮ ವರದಿಯಲ್ಲಿ ಮರೆಮಾಚದೆ ಪ್ರಕಟಿಸಿರುವುದು ಪ್ರಶಂಸನೀಯವು.

೮. ವಿಶೇಷದ ಬಲ: ೨೦೦೮ರ ಪ್ರಸಂಗ

ಸಾಮಾನ್ಯವಿಧಿಗಿಂತ ಅಪವಾದವಿಧಿಯು ಬಲವತ್ತರವೆಂಬುದು ಶಾಸ್ತ್ರಗಳಲ್ಲಿ ಪ್ರಸಿದ್ಧವಾದ ನ್ಯಾಯವು. ನೀತಿವಾಕ್ಯಗಳಲ್ಲಿ ಪಾಣಿನೀಯಕ್ಕೆ ವಿರುದ್ಧವಾಗಿ ನಡೆಯುವ ರೂಟರು ಈ ವಿಷಯದಲ್ಲಿ ಮಾತ್ರ ಶಾಸ್ತ್ರವನ್ನು ಅನುಸರಿಸುವುದು. ಒಂದೇ ವಿಳಾಸವನ್ನು ಒಳಗೊಂಡ ಎರಡು ಖಂಡಗಳಿಗೆ ಮಾರ್ಗಗಳಿದ್ದರೆ, ಚಿಕ್ಕದಾದ, ಎಂದರೆ ಹೆಚ್ಚು ವಿಶೇಷವಾದ ಖಂಡದ ಮಾರ್ಗದಲ್ಲಿಯೇ ಸಂಚಾರವು ನಡೆಯುವುದು.

೨೦೦೮ರ ಫೆಬ್ರುವರಿ ೨೪ರಂದು ಪಾಕಿಸ್ತಾನದ ಸರಕಾರವು ಯೂಟ್ಯೂಬನ್ನು ದೇಶದೊಳಗೆ ತಡೆಯಬೇಕೆಂದು ಆಜ್ಞಾಪಿಸಿದುದನ್ನು ಅನುಸರಿಸಿ, ಅಲ್ಲಿನ ಪಾಕಿಸ್ತಾನ್ ಟೆಲಿಕಾಂ ಸಂಸ್ಥೆಯು ೧೭೫೫೭ ಎಂಬ ತನ್ನ ಮಂಡಲದಲ್ಲಿ ೨೦೮.೬೫.೧೫೩.೦/೨೪ ಎಂಬ ಖಂಡಕ್ಕೆ ಮಾರ್ಗವನ್ನು ಹುಟ್ಟಿಸಿತು. ಇದು ದೇಶದೊಳಗೆ ಮಾತ್ರ ಇರತಕ್ಕ ನೀತಿಯು. ಆದರೆ ೧೮:೪೭ಕ್ಕೆ ಅದು ಹೊರಬಾಗಿಲನ್ನು ದಾಟಿತು. ಅವರ ಪೂರೈಕೆದಾರನ ಒಳಬಾಗಿಲಿನಲ್ಲಿಯೂ ತಡೆಯಿಲ್ಲದುದರಿಂದ ಲೋಕಕ್ಕೆಲ್ಲ ಹರಡಿತು. ಯೂಟ್ಯೂಬಿನವರು ಹೇಳುತ್ತಿದ್ದುದು ೧೦೨೪ ವಿಳಾಸಗಳ ೨೦೮.೬೫.೧೫೨.೦/೨೨ ಖಂಡವನ್ನು, ಇವರು ಹೇಳಿದುದು ಅದರೊಳಗಿನ ೨೫೬ ವಿಳಾಸಗಳ ಖಂಡವನ್ನು. ವಿಶೇಷವೇ ಗೆದ್ದಿತು. ೨೦:೦೭ಕ್ಕೆ ಯೂಟ್ಯೂಬಿನವರೂ ಅದೇ /೨೪ ಖಂಡವನ್ನು ಹೇಳಿದರು. ಸಮಬಲವಾದುದರಿಂದ ಸಂಚಾರವು ಹಂಚಿಹೋಯಿತು. ೨೦:೧೮ಕ್ಕೆ ಅದನ್ನು ೧೨೮ ವಿಳಾಸಗಳ ಎರಡು /೨೫ ಖಂಡಗಳಾಗಿ ಹೇಳಿದರು. ಅವು ತಲುಪಿದ ಕಡೆಗಳಲ್ಲಿ ಸಂಚಾರವು ಮರಳಿತು. ೨೧:೦೧ಕ್ಕೆ ಪೂರೈಕೆದಾರನು ತಪ್ಪು ಮಾರ್ಗಗಳನ್ನು ಹಿಂತೆಗೆದ ಮೇಲೆ ಉಪದ್ರವವು ಶಾಂತವಾಯಿತು.

ನೊಂದವನು ತನ್ನ ಬಾಗಿಲಿನಲ್ಲಿ ಮಾಡಬಹುದಾದುದನ್ನೆಲ್ಲ ಮಾಡಿದರೂ, ಪೂರ್ಣಪರಿಹಾರವು ದೊರೆತುದು ತಪ್ಪನ್ನು ಸ್ವೀಕರಿಸಿದವನ ಬಾಗಿಲಿನಲ್ಲಿ. ಎರಡು ಬಾಗಿಲುಗಳಲ್ಲಿ ಒಂದು ಸರಿಯಾಗಿದ್ದಿದ್ದರೂ ಈ ಎರಡು ಗಂಟೆ ಹದಿನಾಲ್ಕು ನಿಮಿಷಗಳ ಅನರ್ಥವು ಸಂಭವಿಸುತ್ತಿರಲಿಲ್ಲ.

೯. ಮುಂಜಾಗ್ರತೆಗಳು

ಇಲ್ಲಿ ಒಂದು ಶಂಕೆಯು ಹುಟ್ಟಬಹುದು: ಯಂತ್ರಗಳನ್ನೇ ಜಾಣವಾಗಿಸಿ ಇಂತಹ ತಪ್ಪುಗಳನ್ನು ತಡೆಯಬಾರದೆ? ಸ್ವಲ್ಪಮಟ್ಟಿಗೆ ಅದೂ ನಡೆದಿದೆ. ನೀತಿಯನ್ನು ಬರೆಯದ ಹೊರಗಡಿಯಲ್ಲಿ ಯಾವ ಮಾರ್ಗವನ್ನೂ ಹೇಳಬಾರದು, ಕೇಳಬಾರದು ಎಂದು ೨೦೧೭ರ ಜುಲೈ ತಿಂಗಳ ೮೨೧೨ನೆಯ ಆರ್.ಎಫ್.ಸಿ.ಯು ವಿಧಿಸಿತು. ಗಿರಾಕಿ, ಪೂರೈಕೆದಾರ, ಸಮಾನ ಎಂಬ ಸಂಬಂಧವನ್ನು ಸಂಭಾಷಣೆಯ ಆರಂಭದಲ್ಲಿಯೇ ಇಬ್ಬರೂ ಹೇಳಿಕೊಂಡು, ಹೊಂದದಿದ್ದರೆ ಸಂಭಾಷಣೆಯನ್ನೇ ನಿರಾಕರಿಸುವ ಪದ್ಧತಿಯನ್ನು ೨೦೨೨ರ ಮೇ ತಿಂಗಳ ೯೨೩೪ನೆಯದು ತಂದಿತು. ಆದರೆ ಒಡೆಯನ ಇಷ್ಟವೇನೆಂಬುದು ಯಂತ್ರಕ್ಕೆ ತಿಳಿಯದು. ಸಾಧುವಾದ ಶಬ್ದಗಳಿಂದ ತಪ್ಪಾದ ಅಭಿಪ್ರಾಯವನ್ನು ಹೇಳಿದರೆ ವ್ಯಾಕರಣವು ತಡೆಯಲಾರದು, ಇದೂ ಹಾಗೆಯೇ.

ಆದುದರಿಂದ ಮಾರ್ಪಾಡು ಮಾಡುವವನು ಪಾಲಿಸತಕ್ಕ ನಿಯಮಗಳನ್ನು ಸಂಗ್ರಹವಾಗಿ ಹೇಳಬಹುದು. ಮೊದಲನೆಯದು, ತಿದ್ದುವುದಕ್ಕೆ ಮೊದಲು ಆ ನೆರೆಯವನಿಂದ ಬಂದ, ಅವನಿಗೆ ಹೋದ ಮಾರ್ಗಗಳ ಸಂಖ್ಯೆಯನ್ನೂ ಪಟ್ಟಿಯನ್ನೂ ಬರೆದಿಡಬೇಕು. ತಿದ್ದಿದ ಮೇಲೆ ಯಾವುವು
ಹೆಚ್ಚಬೇಕು, ಯಾವುವು ಕಡಮೆಯಾಗಬೇಕೆಂಬುದನ್ನೂ ಮುಂಚಿತವಾಗಿಯೇ ಬರೆಯಬೇಕು. ಪೂರ್ವಸ್ಥಿತಿಯು ತಿಳಿಯದವನಿಗೆ ವ್ಯತ್ಯಾಸವು ತಿಳಿಯದು. ಎರಡನೆಯದು, ಒಂದು ಸಾರಿಗೆ ಒಂದನ್ನೇ ತಿದ್ದಬೇಕು. ಅದಿದ್ದರೆ ದೋಷವುಂಟು, ಅದಿಲ್ಲದಿದ್ದರೆ ದೋಷವಿಲ್ಲ ಎಂಬ ಅನ್ವಯವ್ಯತಿರೇಕಗಳಿಂದಲೇ ಕಾರಣದ ನಿಶ್ಚಯವು. ಎರಡನ್ನು ಒಟ್ಟಿಗೆ ತಿದ್ದಿದವನು ಆ ಸಾಧನವನ್ನು ಕೈಯಾರೆ ಕಳೆದುಕೊಳ್ಳುವನು. ಮೂರನೆಯದು, ಎಲ್ಲ ರಚನೆಗಳ ಕೇಂದ್ರಗಳಲ್ಲಿಯೂ ಒಂದೊಂದನ್ನು ಮೊದಲು ಪರೀಕ್ಷಿಸಬೇಕು. ಹಳೆಯ ರಚನೆಯಲ್ಲಿನ ಕ್ಷೇಮವು ಹೊಸದಕ್ಕೆ ಪ್ರಮಾಣವಲ್ಲ. ನಾಲ್ಕನೆಯದು, ಹಿಂತೆಗೆಯುವ ಅಧಿಕಾರವು ಒಬ್ಬನಲ್ಲಿಯೇ ಇರಬೇಕು. ಐದನೆಯದು, ತಿದ್ದುವ ಜಾಲವನ್ನೇ ನಂಬದೆ ರೂಟರನ್ನು ತಲುಪಲು ಪ್ರತ್ಯೇಕವಾದ ದಾರಿಯನ್ನು ಇಟ್ಟುಕೊಂಡಿರಬೇಕು. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ಕಿನ ಮಾರ್ಗಗಳು ಹಿಂತೆಗೆಯಲ್ಪಟ್ಟಾಗ, ಅವರ ತಜ್ಞರ ಸ್ವಂತ ಸಾಧನಗಳೂ ಅದೇ ಜಾಲವನ್ನು ಅವಲಂಬಿಸಿದ್ದುದರಿಂದ, ಸುಮಾರು ಆರು ಗಂಟೆಗಳ ಕಾಲ ಸೇವೆಯು ನಿಂತಿತು. ಆರನೆಯದು, ನೆರೆಮಂಡಲದ ತಜ್ಞನಿಗೆ ಮುಂಚಿತವಾಗಿ ತಿಳಿಸಿ, ಫಲವನ್ನು ಅವನ ಬಾಯಿಂದಲೇ ಕೇಳಬೇಕು.

೧೦. ಉಪಸಂಹಾರ

ಮೇಲಿನ ವಿವೇಚನೆಯಿಂದ, ಮಾರ್ಗನೀತಿಯು ಮನೆಯೊಳಗೆ ಬರೆದಿಡುವ ದಿನಚರಿಯಲ್ಲ, ನೆರೆಯವನಿಗೆ ಆಡುವ ಮಾತೆಂಬುದು ಸ್ಪಷ್ಟವಾಗುವುದು. ಆಡುವವನ ಅಭಿಪ್ರಾಯ, ಆಡಿದ ಶಬ್ದ, ಕೇಳಿದವನ ಗ್ರಹಿಕೆ ಈ ಮೂರೂ ಸೇರಿದಲ್ಲದೆ ಮಾತು ಸಾರ್ಥಕವಾಗುವುದಿಲ್ಲ. ಬರೆಹವು ಶುದ್ಧವಾಗಿರುವುದನ್ನು ನೋಡಿ ತೃಪ್ತನಾದವನು ಮೊದಲನೆಯದರಲ್ಲಿಯೇ ನಿಂತನು. ತನ್ನ ನಿರ್ಗತಕೋಶವನ್ನು ನೋಡಿದವನು ಎರಡನೆಯದನ್ನು ಮುಟ್ಟಿದನು. ಗಡಿಯಾಚೆಗೆ ಹೋಗಿ ವಿಚಾರಿಸಿದವನು ಮಾತ್ರ ಪರೀಕ್ಷೆಯನ್ನು ಮುಗಿಸಿದನು. ಇಬ್ಬರು ಸ್ವತಂತ್ರರ ನಡುವೆ ಆಜ್ಞೆಗೆ ಅವಕಾಶವಿಲ್ಲದೆಡೆಯಲ್ಲಿ ವಿಚಾರಣೆಯೂ ವಿಶ್ವಾಸವೂ ಅಲ್ಲದೆ ಬೇರೆ ಸಾಧನವಿಲ್ಲ. ಮಹಾಜಾಲವು ಇಷ್ಟು ಕಾಲ ನಿಂತಿರುವುದೂ ಇವುಗಳ ಬಲದಿಂದಲೇ.